ಬಾಯಿಬಿಟ್ಟು ಹೇಳಲಾರದ ಬೇನೆ

ಮನೆಯಲ್ಲಿ ಆಡುವ ಮಾತುಗಳಲ್ಲಿ ಕೆಲವು ಪಡಸಾಲೆಗೆ ಸೇರಿದವು, ಕೆಲವು ಅಡುಗೆಯ ಮನೆಗೆ ಸೇರಿದವು. ಈ ಎರಡಕ್ಕೂ ಸೇರದೆ, ಗಂಡನೊಡನೆಯೂ ಆಡಲಾರದೆ, ಹೆತ್ತ ತಾಯಿಯೊಡನೆಯೂ ಆಡಲಾರದೆ ಎದೆಯಲ್ಲಿಯೇ ಉಳಿದುಹೋಗುವ ಮಾತುಗಳೂ ಕೆಲವುಂಟು. ಅಂತಹುದೊಂದನ್ನು ಈ ತಿಂಗಳು ಎತ್ತಿಕೊಂಡಿದ್ದೇವೆ. ತನಗೆ ತಿಳಿಯದಂತೆಯೇ ಮಲವು ಜಾರಿ ಬಟ್ಟೆಯು ಹೊಲಸಾಗುವುದು: ಇದೇ ಆ ಮಾತು. ವಾಚಕರಲ್ಲಿ ಕೆಲವರು ಮೂಗು ಮುರಿದು ಪುಟವನ್ನು ತಿರುವಿಬಿಡಬಹುದು. ತಿರುವದೆ ಓದಬೇಕೆಂದು ನಮ್ಮ ಬಿನ್ನಹ. ಈ ಬೇನೆಯಿಂದ ನರಳುವವರು ನಮ್ಮ ನಡುವೆಯೇ ಇದ್ದಾರೆ. ಅವರು ಹೇಳಿಕೊಳ್ಳದಿರುವುದರಿಂದ ಇಲ್ಲವೆಂದು ನಾವು ಬಗೆಯುತ್ತೇವೆ, ಅಷ್ಟೆ.

ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಸಿರವಾರವನ್ನು ದಾಟಿದ ಮೇಲೆ ಕವಿತಾಳವು ಸಿಕ್ಕುತ್ತದೆ. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದ ಊರು. ಸಿರವಾರವೇ ತಾಲ್ಲೂಕಾದಂದಿನಿಂದ ಅದರ ಪಾಲಿಗೆ ಬಂದಿದೆ. ಅಲ್ಲಿ 42 ವರುಷದ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ನಾಲ್ಕು ವರುಷಗಳ ಹಿಂದೆ, ಮಾರ್ಗಶಿರದ ಬೆಳಗಿನ ಜಾವದಲ್ಲಿ ತಣ್ಣೀರಿನಲ್ಲಿ ಮುಸುರೆಯ ಪಾತ್ರೆಗಳನ್ನು ತಿಕ್ಕುವಾಗ ಅವಳ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾದುವು. ಆ ಮೇಲೆ ನೀಲಿಯಾದುವು. ಒಲೆಯ ಮುಂದೆ ಕಾಸಿಕೊಂಡ ಮೇಲೆ ಕೆಂಪೇರಿ ಉರಿದುವು. ಮರುವರುಷ ಬೆರಳುಗಳ ತೊಗಲು ಬಿಗಿದು ಉಂಗುರವು ಕಳಚದಾಯಿತು. ಮೋರೆಯ ಚರ್ಮವು ಬಿಗಿದು ಬಾಯಿಯೇ ಸಣ್ಣದಾಯಿತು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಬೇಕಾಯಿತು. ಉಂಡುದು ಎದೆಯಲ್ಲಿ ನಿಂತು ಉರಿಯುತ್ತಿತ್ತು. ಮನೆಯವರು ವಾಯು ಎಂದರು, ನೆರೆಯವರು ದೃಷ್ಟಿ ಎಂದರು. ಇಷ್ಟನ್ನೆಲ್ಲ ಅವಳು ಅವರಿವರೊಡನೆ ಹೇಳಿಕೊಂಡಳು. ಹೇಳದೆ ಉಳಿದುದು ಒಂದೇ ಒಂದು. ಸಂತೆಯಿಂದ ಬಂದು ಸೀರೆಯನ್ನು ಬದಲಿಸುವಾಗ ಒಳಬಟ್ಟೆಯಲ್ಲಿ ಕಲೆಯಿತ್ತು. ಹೊಟ್ಟೆ ನುಲಿದಿರಲಿಲ್ಲ, ಅವಸರವಾಗಿರಲಿಲ್ಲ, ಏನೂ ತಿಳಿದಿರಲಿಲ್ಲ. ವಾರ ಕಳೆದ ಮೇಲೆ ಮತ್ತೊಮ್ಮೆ ಹಾಗೆಯೇ ಆಯಿತು.

ಅಂದಿನಿಂದ ಅವಳು ದೇವರ ಗುಡಿಗೆ ಹೋಗುವುದನ್ನು ಬಿಟ್ಟಳು, ಮೈಲಿಗೆಯ ಅಂಜಿಕೆ. ಬಸ್ಸು ಹತ್ತುವುದನ್ನು ಬಿಟ್ಟಳು. ತವರಿಗೆ ಹೋಗಲೇಬೇಕಾದರೆ ಹಿಂದಿನ ರಾತ್ರಿಯಿಂದಲೇ ಅನ್ನವನ್ನು ಬಿಟ್ಟಳು. ಮೈದುನನ ಮದುವೆಗೆ ಹೊರಡೆಂದು ಹಿರಿಯ ನೆಗೆಣ್ಣಿಯು ಕರೆದಾಗ, "ನನಗ ತಲಿ ತಿರಗತದ, ನೀವು ಹೋಗಿ ಬರ್ರಿ ಅಕ್ಕಾ" ಎಂದು ಹಾಸಿಗೆಯ ಮೇಲೆ ಮಗ್ಗುಲಾದಳು. ಇವಳಿಗೆ ನಮ್ಮ ಮೇಲೆ ಏನೋ ಸಿಟ್ಟಿದೆಯೆಂದು ಮದುವೆಯ ಮನೆಯವರು ತಿಳಿದರು.

ಇವಳು ನಾವು ಕಲ್ಪಿಸಿಕೊಂಡವಳು. ಲಕ್ಷಣಗಳಾದರೋ ಕಲ್ಪಿತವಲ್ಲ, ವೈದ್ಯರು ಸ್ಕ್ಲೆರೊಡರ್ಮಾ ಎಂದು ಕರೆಯುವ ರೋಗದಲ್ಲಿ ಇವೆಲ್ಲ ಹೆಚ್ಚು ಕಡಿಮೆ ಇದೇ ಕ್ರಮದಲ್ಲಿ ಬರುವುದುಂಟು. ಆ ಹೆಸರಿಗೆ ಗಟ್ಟಿ ಚರ್ಮವೆಂದೇ ಅರ್ಥ. ಚಳಿಗೆ ಬೆರಳು ಬಿಳುಪೇರುವುದನ್ನು 1862ರಲ್ಲಿ ಮೊದಲು ವಿವರಿಸಿದ ಫ್ರೆಂಚ್ ವೈದ್ಯ ಮಾರಿಸ್ ರೇನೋ ಅವರ ಹೆಸರಿನಿಂದಲೇ ಅದನ್ನು ಇಂದಿಗೂ ಗುರುತಿಸುತ್ತಾರೆ. ರಾಯಚೂರು ಸೀಮೆಯ ಬಿಸಿಲನ್ನು ಬಲ್ಲವರು ಇಲ್ಲಿ ಚಳಿಯ ರೋಗವೆಲ್ಲಿಯದು ಎಂದು ನಗಬಹುದು. ಆದರೆ ಅದಕ್ಕೆ ಹಿಮವು ಬೇಕಾಗಿಲ್ಲ, ಬೆಳಗಿನ ತೊಟ್ಟಿಯ ನೀರು ಸಾಕು.

ಚರ್ಮದ ರೋಗಕ್ಕೂ ಮಲದ ಹಿಡಿತಕ್ಕೂ ಏನು ಸಂಬಂಧ? ನಮ್ಮ ಶರೀರದಲ್ಲಿ ಚರ್ಮ, ಮಾಂಸ, ಕೀಲು, ಕರುಳು, ರಕ್ತನಾಳ ಇವೆಲ್ಲವುಗಳ ನಡುವೆ ನಿಂತು ಒಂದನ್ನೊಂದು ಹಿಡಿದಿರಿಸುವ ಪದಾರ್ಥವೊಂದುಂಟು. ಅದಕ್ಕೆ ಸಂಯೋಜಕ ಅಂಗಾಂಶವೆಂದು ಹೆಸರು. ಕೌದಿಯ ತುಂಡುಗಳನ್ನು ಕೂಡಿಸಿ ಹಿಡಿದ ದಾರವೆಂದು ತಿಳಿದರೆ ತಪ್ಪಾಗದು. ಸ್ಕ್ಲೆರೊಡರ್ಮಾ ರೋಗದಲ್ಲಿ ಶರೀರದ ರಕ್ಷಣೆಯ ಬಲವೇ ದಾರಿ ತಪ್ಪಿ, ಈ ದಾರವು ಬೇಕಾದುದಕ್ಕಿಂತ ಹೆಚ್ಚಾಗಿ ಬೆಳೆಯುತ್ತದೆ. ಅತಿಯಾಗಿ ಹೊಲಿಗೆ ಹಾಕಿದ ಕೌದಿಯು ಹೇಗೆ ಮಡಿಸಲು ಬಾರದೆ ಸೆಟೆದು ನಿಲ್ಲುವುದೋ ಹಾಗೆ ಚರ್ಮವೂ ಒಳಗಿನ ಅಂಗಗಳೂ ಸೆಟೆಯುತ್ತವೆ. ಎಹ್ಲರ್ಸ್-ಡಾನ್ಲೋಸ್ ಎಂಬ ಇನ್ನೊಂದು ಬಗೆಯಲ್ಲಿ ಇದಕ್ಕೆ ವಿರುದ್ಧವಾಗಿ ದಾರವು ಹುಟ್ಟಿನಿಂದಲೇ ಸಡಿಲವಾಗಿರುತ್ತದೆ. ಕೀಲುಗಳು ಅತಿಯಾಗಿ ಬಾಗುತ್ತವೆ, ಗುದವು ಹೊರಬೀಳುವುದೂ ಉಂಟು. ಎರಡರಲ್ಲಿಯೂ ಮಲದ ಹಿಡಿತವು ಕೆಡಬಹುದು. ನಾವು ಇಲ್ಲಿ ಹೆಚ್ಚಾಗಿ ಹೇಳುವುದು ಮೊದಲನೆಯದನ್ನು ಕುರಿತು.

ಈ ರೋಗವು ಪುರುಷರಿಗಿಂತ ಸ್ತ್ರೀಯರಲ್ಲಿ ಹಲವು ಪಾಲು ಹೆಚ್ಚು. 30ರಿಂದ 50 ವರುಷದೊಳಗೆ, ಎಂದರೆ ಮನೆಯ ಭಾರವೆಲ್ಲ ಹೆಗಲ ಮೇಲಿರುವ ಕಾಲದಲ್ಲಿ, ಸಾಮಾನ್ಯವಾಗಿ ತಲೆದೋರುತ್ತದೆ. ರೋಗಿಗಳಲ್ಲಿ 100ಕ್ಕೆ 90ರಷ್ಟು ಮಂದಿಗೆ ಅನ್ನಮಾರ್ಗದ ಒಂದಲ್ಲ ಒಂದು ಭಾಗವು ಕೆಡುತ್ತದೆ. ಮೊದಲ ಪೆಟ್ಟು ಅನ್ನನಾಳಕ್ಕೆ. ಗುದದ ಭಾಗವೂ ಅದಕ್ಕೆ ಬಹಳ ಹಿಂದೆ ಬೀಳುವುದಿಲ್ಲ. ಮಲದ ಹಿಡಿತವು ತಪ್ಪುವುದು ಐವರಲ್ಲಿ ಒಬ್ಬರಿಗೆಂದು ಕೆಲವು ಪರಿಶೀಲನೆಗಳೂ, ಮೂವರಲ್ಲಿ ಒಬ್ಬರಿಗೆ ಅಥವಾ ಅದಕ್ಕೂ ಹೆಚ್ಚೆಂದು ಇನ್ನು ಕೆಲವೂ ಹೇಳುತ್ತವೆ. ಅಂಕೆಗಳು ಹೀಗೆ ಹೊಯ್ದಾಡುವುದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬಾಯಿಬಿಟ್ಟು ಕೇಳಿದಲ್ಲಿ ಹೆಚ್ಚು ಮಂದಿ ಹೇಳಿದರು; ಕೇಳದಿದ್ದಲ್ಲಿ ಹೇಳಲಿಲ್ಲ.

ರಾಯಚೂರು ಜಿಲ್ಲೆಯವರು ತಿಳಿದಿರಬೇಕಾದ ಮಾತೊಂದು ಇಲ್ಲಿಯೇ ಉಂಟು. ಎಡಿನ್‌ಬರೋ ನಗರದ ವೈದ್ಯ ಬೈರಮ್ ಬ್ರಾಮ್‌ವೆಲ್ ಅವರು ತಾವು ಕಂಡ ಈ ರೋಗಿಗಳಲ್ಲಿ ಕಲ್ಲುಕುಟಿಗರು ಹೆಚ್ಚಾಗಿರುವುದನ್ನು 1914ರಲ್ಲಿ ಬರೆದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಕೆಲಸಗಾರರಲ್ಲಿಯೂ ಹೀಗೆಯೇ ಇರುವುದನ್ನು ಎರಾಸ್ಮಸ್ ಎಂಬ ವೈದ್ಯರು 1957ರಲ್ಲಿ ಪ್ರಕಟಿಸಿದರು. ಕಲ್ಲಿನ ನುಣುಪಾದ ಸಿಲಿಕ ಧೂಳು ವರುಷಗಟ್ಟಲೆ ಎದೆಯೊಳಗೆ ಹೋಗುವುದು ಈ ರೋಗದ ಕಾರಣಗಳಲ್ಲಿ ಒಂದೆಂಬುದು ಆ ಮೇಲೆ ಗಟ್ಟಿಯಾಗಿದೆ. ಕವಿತಾಳದ ನೆರೆಯ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಹಟ್ಟಿಯ ಚಿನ್ನದ ಗಣಿಯಿದೆ. ಕಲ್ಲು ಒಡೆದು ಜೀವಿಸುವವರು ಜಿಲ್ಲೆಯಲ್ಲಿ ಇದ್ದಾರೆ. ಧೂಳಿನಲ್ಲಿ ದುಡಿಯುವವರಿಗೆಲ್ಲ ಈ ರೋಗವು ಬರುವುದೆಂದು ಯಾರೂ ಬೆದರಬಾರದು. ರೋಗವು ಅಪರೂಪದ್ದೇ ಸರಿ. ಆದರೆ ಅಂತಹ ಪುರುಷನ ಬೆರಳು ಚಳಿಗೆ ಬೆಳ್ಳಗಾಗಿ ಚರ್ಮವು ಬಿಗಿಯತೊಡಗಿದರೆ, ಇದು ಹೆಂಗಸರ ರೋಗವೆಂದು ತಳ್ಳಿಹಾಕದೆ ತನ್ನ ಕಸುಬನ್ನು ವೈದ್ಯರಿಗೆ ತಿಳಿಸಬೇಕು.

ಈಗ ಗುದದ್ವಾರದ ರಚನೆಯನ್ನು ನೋಡೋಣ. ಅಲ್ಲಿ ಬಳೆಯಂತಹ ಎರಡು ಸ್ನಾಯುಗಳು ಒಂದರೊಳಗೊಂದು ಇವೆ. ಇಬ್ಬರು ಬಾಗಿಲು ಕಾಯುವವರೆನ್ನೋಣ. ಹೊರಗಿನವನು ನಮ್ಮ ಮಾತನ್ನು ಕೇಳುವವನು. ಬಿಗಿ ಎಂದರೆ ಬಿಗಿಯುತ್ತಾನೆ. ಆದರೆ ಬೇಗನೆ ದಣಿಯುತ್ತಾನೆ. ಒಳಗಿನವನು ನಮ್ಮ ಅಪ್ಪಣೆಗೆ ಕಾಯುವವನಲ್ಲ. ನಾವು ಮಲಗಿರಲಿ, ಎದ್ದಿರಲಿ, ಹಗಲಿರುಳೂ ತನ್ನಷ್ಟಕ್ಕೆ ತಾನೇ ಬಾಗಿಲನ್ನು ಒತ್ತಿ ಹಿಡಿದಿರುತ್ತಾನೆ. ಗುದದ್ವಾರವು ಸುಮ್ಮನಿರುವಾಗ ಮುಚ್ಚಿರುವುದಕ್ಕೆ ಬೇಕಾದ ಬಿಗಿಯಲ್ಲಿ 100ಕ್ಕೆ 70 ಪಾಲಿಗೂ ಮಿಕ್ಕಿ ಇವನದೇ. ಸ್ಕ್ಲೆರೊಡರ್ಮಾ ಹಿಡಿಯುವುದು ಇವನನ್ನೇ. ಸ್ನಾಯುವು ತೆಳ್ಳಗಾಗಿ, ಅದರ ಜಾಗದಲ್ಲಿ ನಾರು ತುಂಬಿಕೊಳ್ಳುತ್ತದೆ. ಅದಕ್ಕೆ ಹೋಗುವ ನರಗಳೂ ಕುಂದುತ್ತವೆ. ಬೆರಳು ಗಾತ್ರದ ಶಬ್ದತರಂಗದ ಕಡ್ಡಿಯನ್ನು ಗುದದೊಳಗಿಟ್ಟು ನೋಡಿದರೆ ಈ ತೆಳುವಾದ ಬಳೆಯು ಚಿತ್ರದಲ್ಲಿ ಕಾಣುತ್ತದೆ. ಮಲಾಶಯದ ಗೋಡೆಯೂ ಬಿರುಸಾಗಿ, ಹಿಂದಿನಷ್ಟು ಹಿಗ್ಗಿ ತಾಳಿಕೊಳ್ಳಲಾರದು. ಬಂದುದು ವಾಯುವೋ ಮಲವೋ ಎಂದು ಬಾಗಿಲಿನಲ್ಲಿಯೇ ಸೋಸಿ ತಿಳಿಯುವ ಸೂಕ್ಷ್ಮ ಶಕ್ತಿಯೊಂದು ನಮಗೆಲ್ಲ ಉಂಟಷ್ಟೆ, ಅದೂ ಮೊಂಡಾಗುತ್ತದೆ.

ಕವಿತಾಳದ ಆ ಗೃಹಿಣಿಗೆ ಏನೂ ತಿಳಿಯದೆ ಬಟ್ಟೆಯು ಹೊಲಸಾದುದರ ಗುಟ್ಟು ಇದು. ಅವಳ ಸೋಮಾರಿತನವಲ್ಲ, ಶುಚಿಯ ಕೊರತೆಯಲ್ಲ, ಮುಪ್ಪೂ ಅಲ್ಲ. ಅವಳು ಆಳಲಾರದ ಸ್ನಾಯುವೊಂದು ಸವೆದಿದೆ. ಹೆರಿಗೆಯಲ್ಲಿ ಹೊರಗಿನ ಬಳೆಯು ಸೀಳಿದ್ದರೂ ಒಳಗಿನವನ ದುಡಿಮೆಯಿಂದ ಅದು ಎಷ್ಟೋ ವರುಷ ತಿಳಿಯದೆಯೇ ಇದ್ದಿರಬಹುದು. ಒಳಗಿನವನೂ ಕೈಬಿಟ್ಟ ದಿನ ಎರಡೂ ಒಮ್ಮೆಗೇ ಹೊರಬೀಳುತ್ತವೆ.

ಇಲ್ಲಿ ಎರಡು ಮೋಸಗಳುಂಟು. ಇವನ್ನು ನಾವು ಒತ್ತಿ ಹೇಳುತ್ತೇವೆ. ಮೊದಲನೆಯದು ಮೂಲವ್ಯಾಧಿಯ ಮೋಸ. ಗುದದಲ್ಲಿ ಏನಾದರೂ ಮೂಲವ್ಯಾಧಿಯೆಂದೇ ನಮ್ಮ ಜನರ ಎಣಿಕೆ. ಗೋಡೆಯ ಮೇಲಿನ ಬಣ್ಣದ ಅಕ್ಷರಗಳನ್ನು ನಂಬಿ, ಯಾರಿಗೂ ತಿಳಿಸದೆ ಹೋಗಿ ಕೊಯ್ಸಿಕೊಂಡು ಬರುವವರು ಎಷ್ಟೋ ಮಂದಿ. ಗುದದ್ವಾರದ ಮೇಲೆ ಮಾಡುವ ಶಸ್ತ್ರಕ್ರಿಯೆಗಳಲ್ಲಿ ಕೆಲವು, ಗಟ್ಟಿಮುಟ್ಟಾದವರಲ್ಲಿಯೂ ಹಿಡಿತವನ್ನು ಸಡಿಲಿಸುವುದುಂಟು. ಒಳಬಳೆಯು ಆಗಲೇ ಸವೆದವರ ಪಾಡನ್ನು ಹೇಳಬೇಕಾಗಿಲ್ಲ. ಸ್ಕ್ಲೆರೊಡರ್ಮಾ ಇರುವವರು ಗುದಕ್ಕೆ ಕತ್ತಿ ಸೋಕಿಸುವ ಮೊದಲು ತಮ್ಮ ರೋಗದ ಹೆಸರನ್ನು ಶಸ್ತ್ರವೈದ್ಯರಿಗೆ ಹೇಳಿಯೇ ತೀರಬೇಕು.

ಎರಡನೆಯದು ಭೇದಿಯ ಮೋಸ. ನೀರಿನಂತಹ ಮಲವು ಸೋರಿದರೆ ಭೇದಿಯೆಂದು ತಿಳಿದು, ಕಟ್ಟುವ ಔಷಧವನ್ನು ನುಂಗುವರು. ಆದರೆ ಕರುಳಿನ ನಡೆಯು ನಿಧಾನವಾಗಿರುವ ಈ ರೋಗಿಗಳಲ್ಲಿ ಗಟ್ಟಿ ಮಲವು ಮಲಾಶಯದಲ್ಲಿ ಕಲ್ಲಿನಂತೆ ಕುಳಿತು, ಅದರ ಅಂಚಿನಿಂದ ತೆಳುಮಲವು ಮಾತ್ರ ಜಾರಿ ಬರುವುದುಂಟು. ಒಳಗಿರುವುದು ಮಲಬದ್ಧತೆ, ಹೊರಗೆ ಕಾಣುವುದು ಭೇದಿ. ಇಂತಹವರು ಕಟ್ಟುವ ಔಷಧವನ್ನು ತೆಗೆದುಕೊಂಡರೆ ಬೇನೆಯು ಇಮ್ಮಡಿಯಾಗುತ್ತದೆ. ವೈದ್ಯರು ಒಮ್ಮೆ ಬೆರಳಿನಿಂದ ಪರೀಕ್ಷಿಸಿದರೆ ಹೆಚ್ಚಿನ ಪಾಲು ತಿಳಿದುಬರುವ ಸಂಗತಿಯಿದು; ನಾಚಿಕೆಯಿಂದ ಆ ಪರೀಕ್ಷೆಯನ್ನು ಒಲ್ಲೆನೆನ್ನುವವರಿಗೆ ತಿಳಿಯದೆಯೇ ಹೋಗುತ್ತದೆ.

ನಿಜವಾದ ಭೇದಿಯೂ ಈ ರೋಗದಲ್ಲಿ ಇಲ್ಲದಿಲ್ಲ. ಸಣ್ಣಕರುಳು ಸುಸ್ತಾಗಿ ಅನ್ನರಸವು ಅಲ್ಲಿಯೇ ನಿಂತಾಗ, ನಿಂತ ನೀರಿನಲ್ಲಿ ಪಾಚಿಯು ಹಬ್ಬಿದಂತೆ ಸೂಕ್ಷ್ಮಜೀವಿಗಳು ಮಿತಿಮೀರಿ ಬೆಳೆಯುತ್ತವೆ. ಹೊಟ್ಟೆಯುಬ್ಬರ, ವಾಯು, ಸಡಿಲವಾದ ಮಲ, ಮೈತೂಕ ಇಳಿಯುವುದು ಇವೇ ಗುರುತು. ಉಸಿರನ್ನು ಪರೀಕ್ಷಿಸಿ ಇದನ್ನು ಕಂಡುಹಿಡಿಯುವ ಉಪಾಯವಿದೆ. ವೈದ್ಯರು ಸೂಕ್ಷ್ಮಜೀವಿನಾಶಕ ಔಷಧಗಳನ್ನು ಕೆಲವು ದಿನಗಳ ಮಟ್ಟಿಗೆ, ಮರುಕಳಿಸಿದರೆ ಔಷಧವನ್ನು ಬದಲಿಸುತ್ತ, ಕೊಡುತ್ತಾರೆ. ಮಲವು ಗಟ್ಟಿಯಾದರೆ ಸವೆದ ಬಾಗಿಲೂ ಅದನ್ನು ತಡೆದೀತು. ನೀರನ್ನು ತಡೆಯುವುದು ಕಷ್ಟ, ಕೆಸರನ್ನು ತಡೆಯುವುದು ಸುಲಭ. ಆದುದರಿಂದ ಮಲದ ಹದವನ್ನು ಸರಿಪಡಿಸುವುದೇ ಚಿಕಿತ್ಸೆಯ ಮುಕ್ಕಾಲು ಪಾಲು. ಲೋಪೆರಮೈಡ್ ಎಂಬ ಗುಳಿಗೆಯು ಕರುಳಿನ ಓಟವನ್ನು ತಗ್ಗಿಸುತ್ತದೆ. ಮದುವೆ ಮುಂಜಿಗಳಿಗೆ ಹೊರಡುವ ಮುನ್ನ ಕೆಲವರಿಗೆ ಅದನ್ನು ಸೂಚಿಸುವುದುಂಟು. ಆದರೆ ನಿಧಾನಕರುಳಿನವರಲ್ಲಿ ಅದು ಹೊಟ್ಟೆಯನ್ನೇ ಕಟ್ಟಿಬಿಡಬಹುದು. ಮಿತಿಮೀರಿದರೆ ಹೃದಯಕ್ಕೂ ಕೆಡಕು. ಅಂಗಡಿಯಿಂದ ತಾನೇ ತಂದು ನುಂಗತಕ್ಕ ಔಷಧವಲ್ಲ. ಇಸಬಗೋಲಿನ ಹೊಟ್ಟಿಗೂ ಇದೇ ಮಾತು: ಒಬ್ಬರಿಗೆ ಹದ ತರುತ್ತದೆ, ಇನ್ನೊಬ್ಬರ ಹೊಟ್ಟೆಯನ್ನು ಡೊಳ್ಳಿನಂತೆ ಉಬ್ಬಿಸುತ್ತದೆ.

ಹೊರಗಿನ ಬಾಗಿಲಿನವನನ್ನು ಬಲಪಡಿಸುವುದು ನಮ್ಮ ಕೈಯಲ್ಲಿದೆ. ಅಮೆರಿಕದ ವೈದ್ಯ ಆರ್ನಲ್ಡ್ ಕೆಗೆಲ್ ಅವರು 1948ರಲ್ಲಿ, ಬಾಣಂತಿಯರಲ್ಲಿ ಮೂತ್ರದ ಹಿಡಿತವು ತಪ್ಪಿದ್ದಕ್ಕಾಗಿ ಪ್ರಕಟಿಸಿದ ವ್ಯಾಯಾಮವನ್ನೇ ಇಲ್ಲಿಗೂ ಹೊಂದಿಸಿಕೊಂಡಿದ್ದಾರೆ. ವಾಯುವನ್ನು ತಡೆಯುವಂತೆ ಗುದವನ್ನು ಒಳಕ್ಕೆಳೆದು ಐದು ಎಣಿಸುವವರೆಗೆ ಹಿಡಿದು, ಹತ್ತು ಎಣಿಸುವವರೆಗೆ ಸಡಿಲ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರನ್ನು ಕಟ್ಟಬಾರದು, ತೊಡೆಗಳನ್ನು ಬಿಗಿಯಬಾರದು. ಕಾಳು ಆರಿಸುತ್ತಲೂ ಮಾಡಬಹುದು, ಪಕ್ಕದಲ್ಲಿ ಕುಳಿತವರಿಗೂ ತಿಳಿಯದು. ಫಲವನ್ನು ನೋಡಲು ಎರಡು ಮೂರು ತಿಂಗಳಾದರೂ ಬೇಕು. ಯಂತ್ರದಲ್ಲಿ ಸ್ನಾಯುವಿನ ಬಿಗಿಯನ್ನು ರೋಗಿಗೇ ತೋರಿಸಿ ಕಲಿಸುವ ಪದ್ಧತಿಯು ಸ್ಕ್ಲೆರೊಡರ್ಮಾ ಇರುವವರಿಗೂ ನೆರವಾಗುವುದೆಂದು ಆಸ್ಟ್ರೇಲಿಯದ ವೈದ್ಯರು 2016ರಲ್ಲಿ ತಿಳಿಸಿದ್ದಾರೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯವರು ಬೆನ್ನಿನ ಕೊನೆಯ ನರಗಳಿಗೆ ಮೆಲ್ಲನೆ ವಿದ್ಯುತ್ತನ್ನು ಹಾಯಿಸಿ, ಈ ರೋಗದ ಕೆಲವು ಸ್ತ್ರೀಯರಲ್ಲಿ ಒಳ್ಳೆಯ ಗುಣವನ್ನು ಕಂಡುದಾಗಿ 2002ರಲ್ಲಿ ಬರೆದರು; ಆ ಮೇಲಿನ ಅನುಭವವು ಅಷ್ಟು ಆಶಾದಾಯಕವಾಗಲಿಲ್ಲ. ಸವೆದ ಒಳಬಳೆಯನ್ನು ಮರಳಿ ಬೆಳೆಸುವ ಔಷಧವು ಇನ್ನೂ ಬಂದಿಲ್ಲ.

ಅಡುಗೆಯ ವಿಷಯದಲ್ಲಿ ನಾಲ್ಕು ಮಾತು. ಒಂದೇ ಸಲ ಹೊಟ್ಟೆ ತುಂಬ ಉಣ್ಣುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಉಣ್ಣುವುದು ಮೇಲು. ನಮ್ಮ ಸೀಮೆಯ ಕೆಂಪು ಖಾರ, ಸಂಜೆಯ ಮಿರ್ಚಿ ಭಜಿ, ಮೇಲಿಂದ ಮೇಲೆ ಕುಡಿಯುವ ಚಹ ಇವು ಕರುಳನ್ನು ಓಡಿಸತಕ್ಕವು. ಕೆಲವರಿಗೆ ಹಾಲೂ ಒಗ್ಗದು. ಯಾವುದು ಒಗ್ಗದೆಂಬುದನ್ನು ಒಂದು ವಹಿಯಲ್ಲಿ ಎರಡು ವಾರ ಬರೆದಿಟ್ಟರೆ ಗೊತ್ತಾಗುತ್ತದೆ: ಏನನ್ನು ಉಂಡೆವು, ಯಾವಾಗ ಹೊರಗೆ ಹೋದೆವು, ಮಲದ ಹದವೇನು, ಯಾವಾಗ ಜಾರಿತು. ಆ ವಹಿಯು ವೈದ್ಯರಿಗೂ ಬೇಕಾದುದೇ. ಆದರೆ ಉಪವಾಸವು ಬೇಡ. ಜಾರುವುದೆಂಬ ಅಂಜಿಕೆಯಿಂದ ಅನ್ನವನ್ನು ಬಿಡುವವರು, ಮೊದಲೇ ಮೈಯನ್ನು ಒಣಗಿಸುವ ಈ ರೋಗಕ್ಕೆ ತಾವೇ ಕೈಗೂಡಿಸಿದಂತಾಗುತ್ತದೆ.

ಪಾಯಖಾನೆಯ ವ್ಯವಸ್ಥೆಯನ್ನು ಮನೆಯ ಗಂಡಸರು ಸ್ವಲ್ಪ ಯೋಚಿಸಬೇಕು. ಚರಿಗೆ ಹಿಡಿದು ಬಯಲಿಗೆ ಹೋಗುತ್ತಿದ್ದ ಕಾಲದಲ್ಲಿ ಇಂತಹವರ ಪಾಡು ಏನಾಗಿತ್ತೋ. 2014ರ ಸ್ವಚ್ಛ ಭಾರತ ಯೋಜನೆಯಿಂದೀಚೆಗೆ ಹಿತ್ತಲಿನಲ್ಲಿ ಪಾಯಖಾನೆಯು ಬಂದ ಮನೆಗಳು ಬಹಳ. ಆದರೆ ಬಿಗಿದ ಮೊಣಕಾಲಿನವರು ಅಲ್ಲಿ ಕುಕ್ಕರಿಸಲಾರರು. ನಡುವೆ ತೂತುಳ್ಳ ಕುರ್ಚಿಯೊಂದನ್ನು ತಂದಿಟ್ಟರೆ ದೊಡ್ಡ ಉಪಕಾರ. ಕೊಕ್ಕೆಯಂತೆ ಬಾಗಿದ ಬೆರಳುಗಳಿಂದ ನೀರನ್ನು ಬೊಗಸೆ ಹಿಡಿದು ತೊಳೆದುಕೊಳ್ಳುವುದು ಅವರಿಗೆ ಸಾಧ್ಯವಾಗದು. ನೀರು ಚಿಮ್ಮುವ ಕೊಳವೆಯಿದ್ದರೆ ಸಾಧ್ಯ. ನೀರು ಉಗುರುಬೆಚ್ಚಗಿರಲಿ, ತಣ್ಣೀರು ಮುಟ್ಟಿದರೆ ಬೆರಳುಗಳು ಮತ್ತೆ ಬೆಳ್ಳಗಾಗುತ್ತವೆ. ಒರಸುವಾಗ ತಿಕ್ಕದೆ ಒತ್ತಿ ಒಣಗಿಸಿ, ಸತುವಿನ ಮುಲಾಮನ್ನು ಸವರಿದರೆ ಚರ್ಮವು ಹುಣ್ಣಾಗದು. ಹಳೆಯ ಹತ್ತಿ ಸೀರೆಯ ಮಡಿಕೆಗಳು ಒಳಬಟ್ಟೆಗೆ ಚೆನ್ನಾಗಿಯೇ ಒದಗುತ್ತವೆ. ಸಾಬೂನಿನಿಂದ ತೊಳೆದು ಬಿಸಿಲಿಗೆ ಹಾಕಬೇಕು. ಬಿಸಿಲಿಗಂತೂ ಕವಿತಾಳದಲ್ಲಿ ಬರವಿಲ್ಲ. ಕದ್ದು ಕತ್ತಲೆಯಲ್ಲಿ ಒಣಗಿಸಿದ ಬಟ್ಟೆಯೇ ಚರ್ಮಕ್ಕೆ ಕೆಡಕು.

ಉಳಿದುದು ಆ ಒಂದು ಮಾತು. ಈ ರೋಗಿಗಳ ಹೊಟ್ಟೆಯ ತೊಂದರೆಗಳನ್ನು ಅಳೆಯಲೆಂದು ಅಮೆರಿಕದ ವೈದ್ಯರು 2009ರಲ್ಲಿ ಪರಿಷ್ಕರಿಸಿದ ಪ್ರಶ್ನಾವಳಿಯೊಂದುಂಟು. ಕಳೆದ ವಾರದಲ್ಲಿ ಒಳಬಟ್ಟೆಯು ಹೊಲಸಾಯಿತೇ ಎಂಬ ಪ್ರಶ್ನೆಯನ್ನು ಅದರಲ್ಲಿ ಸೇರಿಸಿದ್ದಾರೆ. ನಮ್ಮಲ್ಲಿ ಆಸ್ಪತ್ರೆಯ ಮುಂದೆ ನೂರು ಮಂದಿ ಸಾಲು ನಿಂತಿರುವಾಗ ವೈದ್ಯರು ಅದನ್ನು ಕೇಳದೆ ಹೋಗಬಹುದು. ಆಗ ರೋಗಿಯೇ ಹೇಳಬೇಕು. ಸಂಸ್ಕೃತದ ಮಾತುಗಳನ್ನು ಹುಡುಕಬೇಕಾಗಿಲ್ಲ. "ಡಾಕ್ಟರ್ರೇ, ನನಗ ಗೊತ್ತಾಗದಂಗ ಬಟ್ಟಿ ಹೊಲಸ ಆಗ್ತದರಿ" ಎಂದರೆ ಸಾಕು. ಹೇಳಲು ನಾಲಗೆಯು ಏಳದಿದ್ದರೆ ಚೀಟಿಯಲ್ಲಿ ಬರೆದು ಕೊಡಬಹುದು, ಮಗಳಿಂದ ಬರೆಯಿಸಬಹುದು. ಮಲದಲ್ಲಿ ರಕ್ತವು ಕಂಡರೆ, ತೂಕವು ಇಳಿಯುತ್ತಲೇ ಇದ್ದರೆ, ವಾಂತಿಯಾಗಿ ಹೊಟ್ಟೆಯುಬ್ಬಿ ನಿಂತರೆ, ಕುಳಿತುಕೊಳ್ಳುವ ಭಾಗವು ಜೋಮು ಹಿಡಿದು ಕಾಲುಗಳು ಸೋತರೆ, ಆಗ ಚೀಟಿಯನ್ನು ಬರೆಯುತ್ತ ಕೂಡದೆ ಅಂದೇ ಹೊರಡತಕ್ಕದ್ದು.

ಕವಿತಾಳದವರಿಗೆ ಹತ್ತಿರದ ದೊಡ್ಡ ಆಸ್ಪತ್ರೆಯೆಂದರೆ ರಾಯಚೂರಿನ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಅದು 2007ರಲ್ಲಿ ಆರಂಭವಾಯಿತು. ಈ ಬಗೆಯ ರೋಗಗಳನ್ನು ನೋಡುವ ಸಂಧಿವಾತ ತಜ್ಞರು ಹೈದರಾಬಾದಿನ ನಿಜಾಮರ ವೈದ್ಯಕೀಯ ಸಂಸ್ಥೆಯಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿಯೂ ಇದ್ದಾರೆ. ದೂರದ ಪ್ರಯಾಣವೆಂದು ಅಂಜುವವರಿಗೆ ಉಪಾಯವುಂಟು. ಮಲಾಶಯವು ಬರಿದಾಗಿದ್ದರೆ ಜಾರಲು ಅಲ್ಲಿ ಏನೂ ಇರುವುದಿಲ್ಲ. ಹೊರಡುವ ದಿನ ಬೆಳಿಗ್ಗೆ ಗ್ಲಿಸರಿನ್ ಬತ್ತಿಯನ್ನು ಇಟ್ಟುಕೊಂಡು ಬರಿದು ಮಾಡಿಕೊಳ್ಳುವ ಕ್ರಮವನ್ನು ವೈದ್ಯರು ಕಲಿಸಿಕೊಡುತ್ತಾರೆ. ಆ ಮೇಲೆ ಎರಡು ತುತ್ತು ಮೊಸರನ್ನ. ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಕಟ್ಟಿ ಇಡಲು ಒಂದು ಪ್ಲಾಸ್ಟಿಕ್ ಚೀಲ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಜಾಗ. ಜೊತೆಗೆ ಹಿರಿಯ ನೆಗೆಣ್ಣಿಯು ಹೋದರೆ ಇನ್ನೂ ಒಳ್ಳೆಯದು. ಮದುವೆಗೆ ಏಕೆ ಬರಲಿಲ್ಲವೆಂಬುದು ಅವಳಿಗೂ ದಾರಿಯಲ್ಲಿ ತಿಳಿದೀತು.